ಎಲ್ಲಾ ಪುಟಕ್ಕೂ ಒಂದೇ ಹಾರ

ನೋಡಿ ಬಂಧುಗಳೇ, ಇವತ್ತು ನನ್ನ ಮೊಮ್ಮಗಳು ನಮ್ಮ ಯಜಮಾನರ ಫೋಟೋಕ್ಕೆ ಕಂಪ್ಯೂಟರಿನಲ್ಲೇ ಹಾರ ಹಾಕಿದಳು. ಅವರು ಲಿಂಗೈಕ್ಯರಾಗಿ ತಿಂಗಳಾದರೂ ಗಿರಾಕಿಗಳು ಫೋನ್ ಮಾಡಿ ಅವರನ್ನೇ ಕೇಳುತ್ತಾರಂತೆ. ಘಟಪ್ರಭಾದ ನಮ್ಮ ಕರದಂಟು, ಉಂಡಿಗಳ ಮಿಠಾಯಿ ಅಂಗಡಿಗೆ ಅವಳೇ ಮಾಡಿದ ವೆಬ್‌ಸೈಟ್ ಇದೆ. ಅದರ ಪ್ರತಿ ಪುಟದ ಮೇಲ್ಗಡೆ ನಮ್ಮವರು ರುಮಾಲು ಸುತ್ತಿಕೊಂಡು ನಗುತ್ತಿರುತ್ತಾರೆ. ದಿನಾ ಮಧ್ಯಾಹ್ನ ಮೊಬೈಲಿನಲ್ಲಿ ಉಂಡಿಯ ಪುಟ ತೆಗೆದು ಆ ಮುಖ ನೋಡುವುದು ನನ್ನ ರೂಢಿ. ಇವತ್ತು ನೋಡಿದರೆ ಅಲ್ಲೂ ಹಾರ, ಕರದಂಟಿನ ಪುಟದಲ್ಲೂ ಹಾರ, ವಿಳಾಸದ ಪುಟದಲ್ಲೂ ಹಾರ.

“ಎಷ್ಟ ಹಾರ ಹಾಕೀಯವ್ವಾ? ಹೂವಿನ ಅಂಗಡಿ ತಗದೀಯೇನ?” ಎಂದೆ.

“ಒಂದ ಹಾಕೇನಿ ಆಯಿ. ಚೌಕಟ್ಟು ಒಂದ ಇರತೈತಿ, ಎಲ್ಲಾ ಪುಟ ಅದರೊಳಗ ಕುಂದರತಾವ. ಅಲ್ಲಿ ಬದಲ ಮಾಡಿದ್ರ ಎಲ್ಲಾ ಕಡೆ ಬದಲ ಆಗತೈತಿ.”

“ಒಂದ ಪುಟದಾಗರ ನಿಮ್ಮ ಅಜ್ಜ ಜೀವಂತ ಇರ್ಲಿ ಬಿಡ.”

ಹುಡುಗಿ ಕಂಪ್ಯೂಟರಿನತ್ತ ತಿರುಗಿದಳು. “ಹಂಗಾದ್ರ ಆ ಪುಟಾ ಚೌಕಟ್ಟಿನ ಹೊರಗ ತಗೀಬೇಕ. ಅಂಗಡಿ ಹೆಸರು, ಫೋನ್ ನಂಬರು ಏನೂ ಬರಾಂಗಿಲ್ಲ. ಗಿರಾಕಿ ಉಂಡಿ ಹೆಂಗ ತರಿಸ್ಕೋಬೇಕ?”

“ಕರದಂಟ ತಿನ್ನಲಿ” ಎಂದೆ.

ಅವಳು ಕಣ್ಣೊರೆಸಿಕೊಂಡು ಆ ಪುಟವನ್ನು ಚೌಕಟ್ಟಿನ ಹೊರಗೆ ತೆಗೆದು, ಹಳೆಯ ಫೋಟೋ ಇಟ್ಟಳು. ಈಗ ಉಂಡಿಯ ಪುಟದಲ್ಲಿ ಹಾರವಿಲ್ಲದ ಅವರು, ಕೆಳಗೆ ಒಂದು ತಾಟು ಉಂಡಿ, ಅಷ್ಟೇ. ಅಲ್ಲಿ ಏನೂ ಕೊಳ್ಳಲು ಬರುವುದಿಲ್ಲ, ಒತ್ತಿ ಒತ್ತಿ ನೋಡಬೇಡಿ. ಇಷ್ಟು ವರ್ಷ ಗಿರಾಕಿಗಳು ಅವರನ್ನು ನನ್ನ ಜೊತೆ ಎರಡು ಮಾತಾಡಲು ಬಿಡಲಿಲ್ಲ; ಈಗಲಾದರೂ ಬಿಡಿ.