ಯೋಗಣ್ಣೋರು ಆರಿಸಿದ ಆಂಟಿವೈರಸ್

ನಾನು ಬೆಟ್ಟಮ್ಮ, ಹೊಳೆನರಸೀಪುರದ ಪ್ರೆಸ್ಸಲ್ಲಿ ಮದ್ವೆ ಕಾರ್ಡು ಮಡಿಸೋಳು. ಇವ್ಳಿಗೇನ್ ಗೊತ್ತು ಕಂಪ್ಯೂಟರ್ ವಿಷ್ಯ ಅಂತ ಮೂಗು ಮುರೀಬ್ಯಾಡಿ. ಯೋಗಾನರಸಿಂಹ ಅವ್ರ ಪಕ್ಕದಲ್ಲೇ ಕೂತು ಕೆಲ್ಸ ಮಾಡ್ದೋಳು, ನಾನಲ್ದೆ ಇನ್ಯಾರು ಹೇಳ್ಬೇಕು?

ಯೋಗಣ್ಣೋರು ಅರ್ಚಕರ ಮನೆಯೋರು. ಸೀಸದ ಅಚ್ಚು ಜೋಡಿಸೋ ಕಾಲದಿಂದ ಪ್ರೆಸ್ಸಲ್ಲಿದ್ರು. ಅಚ್ಚು ಹೋಗಿ ಕಂಪ್ಯೂಟರ್ ಬಂದಾಗ ಕೈ ಕಟ್ಕಂಡು ಕೂರ್ಲಿಲ್ಲ, ಆ ವಯಸ್ಸಲ್ಲೂ ಕಲ್ತ್ರು. ಒಂದಕ್ಕೊಂದು ವೈರು ಎಳೆದಿದ್ದ ಮಿಷಿನ್‌ಗಳಿಗೆಲ್ಲ ಅವ್ರೇ ಯಜಮಾನ್ರು. ಅವ್ರದ್ದೊಂದು ಶಾಸ್ತ್ರ ಇತ್ತು. ನರಸಿಂಹಸ್ವಾಮಿ ಫೋಟೋ ತುಂಬಿಸಿದ್ದ ಪೆನ್ ಡ್ರೈವಿಗೆ ಆಯುಧಪೂಜೆ ದಿನ ಕುಂಕುಮ ಇಟ್ಟು, ಒಂದೊಂದು ಮಿಷಿನ್‌ಗೂ ಹಾಕಿ, ಸ್ವಾಮೀನ ತೋರ್ಸಿ ಕೈ ಮುಗಿಯೋರು. ಹೊಸದೇನೇ ತಂದ್ರೂ ಮೊದ್ಲು ಅದನ್ನೇ ಹಾಕೋರು.

ಆ ವರ್ಷ ದಸರಾ ಮುಗೀತಿದ್ದಂಗೆ ವೈರಸ್ ಬಂದ್ಬುಡ್ತು. ಸೀಜನ್ನಿನ ಕಾರ್ಡುಗಳೆಲ್ಲ ಮಾಯ! ಹಳೇ ಆಂಟಿವೈರಸ್ಸಿನ ವಾಯ್ದೆ ಯಾವಾಗ್ಲೋ ಮುಗಿದು, ಅದು ಇದ್ದೂ ಇಲ್ದಂಗಾಗಿತ್ತು. ಓನರ್ರು ಅನಿಲ್‌ಕುಮಾರ್ ಕೆಂಡಾಮಂಡಲ. ಟೈಪ್ ಮಾಡ್ತಿದ್ದ ಹಳೇಕೋಟೆ ಹುಡ್ಗಿ ರೂಪಶ್ರೀ ಪೆನ್ ಡ್ರೈವಲ್ಲಿ ಹಾಡು ತಂದು ಕೇಳಿದ್ಲು ಅಂತ ಗೊತ್ತಾಗಿದ್ದೇ, ಅದನ್ನ ಕಿತ್ಕಂಡು ಡ್ರಾಯರ್‌ಗೆ ಹಾಕಿ, "ಶನಿವಾರದ ಮ್ಯಾಲೆ ಬರ್ಬ್ಯಾಡ ಕಣಮ್ಮ" ಅಂದ್ಬುಟ್ರು. ಅವ್ಳ ಸಂಬಳದಲ್ಲೇ ಮನೆ ನಡೀತಿತ್ತು.

ಮಿಷಿನ್‌ಗಳನ್ನೆಲ್ಲ ಅಳಿಸಿ ಸರಿ ಮಾಡಿ, ಬೇರೆ ಆಂಟಿವೈರಸ್ ಆರ್ಸೋ ಕೆಲ್ಸ ಯೋಗಣ್ಣೋರ ಮೇಲೆ ಬಿತ್ತು. ಮೊದ್ಲು ಹಾಕಿ ನೋಡಿ ಆಮೇಲೆ ಕೊಳ್ಳೋ ಅಂಥ ಎರಡು ಸಿ.ಡಿ.ಗಳನ್ನ ಹಾಸನದಿಂದ ತಂದ್ರು. ಮೊದಲ್ನೇದು ಹಾಕಿದ್ರೆ ಮಿಷಿನ್ನು ಸಲೀಸಾಗಿ ಓಡ್ತು. ದೇವ್ರ ಪೆನ್ ಡ್ರೈವ್ ಹಾಕಿದ್ರು, ತಕರಾರೇ ಇಲ್ಲ. "ಇದೇ ಇರ್ಲಿ ಬುಡಿ" ಅಂತ ಓನರ್ರು ಅಂಗಡಿ ಮುಂದಕ್ಕೆ ಹೋದ್ರು. ಯೋಗಣ್ಣೋರು ಬುಡ್ಲಿಲ್ಲ, ಇನ್ನೊಂದು ಮಿಷಿನ್‌ಗೆ ಎರಡ್ನೇದನ್ನೂ ಹಾಕಿದ್ರು. ಮಿಷಿನ್ನು ಕುಂಟೋಕೆ ಶುರು ಮಾಡ್ತು. ದೇವ್ರ ಪೆನ್ ಡ್ರೈವ್ ಹಾಕಿದ್ದೇ ತಡ, ಪರದೆ ಕೆಂಪಾಗಿ, ವೈರಸ್ಸು ವೈರಸ್ಸು ಅಂತ ಬಡ್ಕಂತು!

ಯೋಗಣ್ಣೋರು ಅದನ್ನ ಕಿತ್ತು ಪಕ್ಕಕ್ಕಿಟ್ರು. ಡ್ರಾಯರಿಂದ ರೂಪಶ್ರೀದು ತೆಗ್ದು ಹಾಕಿ ನೋಡಿದ್ರು. ಅದ್ರಲ್ಲೇನೂ ಇರ್ಲಿಲ್ಲ.

"ಸೈಬರ್ ಸೆಂಟರ್‌ನಲ್ಲಿ ಈ ಸಲ ಹಬ್ಬಕ್ಕೆ ಹೊಸ ಫೋಟೋ ತುಂಬಿಸ್ದಾಗ ಅಂಟ್ಕೊಂಡಿದೆ ಬೆಟ್ಟಮ್ಮ. ಪೂಜೆ ದಿನ ನಾನೇ ಎಲ್ಲಕ್ಕೂ ಹಂಚಿದೀನಿ" ಅಂದ್ರು.

ಮೊದಲ್ನೇದನ್ನೇ ಕೊಂಡಿದ್ರೆ ಯಾರ್ಗೂ ಗೊತ್ತಾಗ್ತಿರ್ಲಿಲ್ಲ. ಓನರ್ರಿಗೂ ಅದೇ ಬೇಕಿತ್ತು. ಈ ವಯಸ್ಸಲ್ಲಿ ಕೆಲ್ಸ ಹೋದ್ರೆ ಇನ್ಯಾರು ಕೊಡ್ತಾರೆ? ನಿಜ ಹೇಳ್ತೀನಿ, ಸುಮ್ನಿರಿ ಸ್ವಾಮಿ ಅನ್ನೋ ಮಾತು ನನ್ ನಾಲಿಗೆ ತುದೀಲಿತ್ತು. ಅವ್ರು ಕನ್ನಡಕ ಒರೆಸ್ಕಂಡು ಓನರ್ರನ್ನೂ ರೂಪಶ್ರೀನೂ ಕೂಗಿದ್ರು. ಅವ್ರ ಎದುರೇ ದೇವ್ರ ಪೆನ್ ಡ್ರೈವ್ ಹಾಕಿದ್ರು. ಮತ್ತೆ ಬಡ್ಕಂತು.

"ನಮ್ಗೆ ಬೇಕಾಗಿರೋದು ಇದೇ ಸಾರ್. ವೈರಸ್ ತಂದೋನು ನಾನು. ಕಳ್ಸೋದಾದ್ರೆ ನನ್ನ ಕಳ್ಸಿ."

ಓನರ್ರು ಪರದೇನ ನೋಡಿದ್ರು, ಯೋಗಣ್ಣೋರನ್ನ ನೋಡಿದ್ರು. "ಯಾರೂ ಓಗೋದು ಬ್ಯಾಡ. ಅದನ್ನೇ ತರ್ಸಿ" ಅಂದು ಹೊರಟೇಬುಟ್ರು. ಆ ಹುಡ್ಗಿಗೊಂದು ಒಳ್ಳೆ ಮಾತಾಡೋಕೆ ಬಾಯಿಗೇನಾಗಿತ್ತೋ!

ಯೋಗಣ್ಣೋರೇ ಅವ್ಳ ಮುಂದೆ ಕೈ ಮುಗಿದ್ರು. "ತಪ್ಪಾಯ್ತು ತಾಯಿ."

ರೂಪಶ್ರೀ ಅಳ್ಲಿಲ್ಲ. "ನಾನೇ ತಂದಿದ್ದು ಅಂತ ನಾನೂ ನಂಬ್ಕಂಡ್ಬುಟ್ಟಿದ್ದೆ ಸಾ. ಮನೇಲೂ ಒಪ್ಕಂಡು ಏಟು ತಿಂದೆ" ಅಂದ್ಲು.