ಚಿಕ್ಕಜಾಜೂರಿನಲ್ಲಿ ಖಾಲಿ ಬಿಟ್ಟ ಹೆಸರು

ಈ ಪ್ರಯಾಣ ಮುಗಿದು ಒಂದು ವರ್ಷವಾಯಿತು. ಬರೆಯಬೇಕೆಂದು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಕನ್ನಡಕ ಸಿಗಲಿಲ್ಲವೆಂದು ಎದ್ದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಹೋದ ವರ್ಷ ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ನಾನೂ ಮೊಮ್ಮಗಳು ಸಹನಾಳೂ ಹಿರಿಯೂರಿನಿಂದ ಬಸ್ಸಿನಲ್ಲಿ ಹೊರಟೆವು. ಅವಳು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಳು. ಕ್ಯೂಬಾ ದೇಶದ ಕ್ರಾಂತಿ ಮತ್ತು ಆಮೇಲೆ ಅಮೆರಿಕ ಅದರ ಮೇಲೆ ಹಾಕಿದ ವ್ಯಾಪಾರ ದಿಗ್ಬಂಧನ ಅವಳ ಪ್ರಾಜೆಕ್ಟಿನ ವಿಷಯ. ಪುಸ್ತಕ ನೋಡಿ ಬರೆದರೆ ಸಾಲದು, ಊರಿನ ಬಹಿಷ್ಕಾರದಿಂದ ಕೊಡುವುದು ಕೊಳ್ಳುವುದು ನಿಂತುಹೋದ ಮನೆಯೊಂದನ್ನು ನಮ್ಮ ಜಿಲ್ಲೆಯಲ್ಲೇ ಹುಡುಕಿ, ಅವರ ಮಾತು ಕೇಳಿ ಕೊನೆಗೆ ಸೇರಿಸು ಎಂದು ಮೇಷ್ಟ್ರು ಹೇಳಿದ್ದರಂತೆ. ಚಿಕ್ಕಜಾಜೂರಿನ ಗೆಳತಿಯೊಬ್ಬಳ ಅಜ್ಜಿಗೆ ಹಾಗಾಗಿತ್ತು, ಜೊತೆಗೆ ಬಾ ತಾತ ಎಂದಳು. ವಾಪಸು ಬರುವಾಗ ರೈಲು ಎಂದಳು. ರೈಲು ಹತ್ತಿ ಬಹಳ ದಿನವಾಗಿತ್ತು, ಹೊರಟೆ.

ಬಸ್ಸಿನಲ್ಲಿ ಅವಳಿಗೆ ಹೆಂಗಸರ ಉಚಿತ ಟಿಕೆಟ್. ನಾನು ಹಿರಿಯ ನಾಗರಿಕರ ಕಾರ್ಡು ಮರೆತಿದ್ದೆ. "ಮುಖ ನೋಡಿದ್ರೆ ವಯಸ್ಸು ಗೊತ್ತಾಗ್ತೈತೆ ಯಜಮಾನ್ರೇ, ಆದ್ರೆ ಮುಖದ ಮೇಲೆ ಸರ್ಕಾರದ ಸೀಲು ಇಲ್ವಲ್ಲ" ಎಂದು ಕಂಡಕ್ಟರ್ ಪೂರ್ತಿ ಟಿಕೆಟ್ ಹರಿದ. ಮಾರಿಕಣಿವೆ ಅಣೆಕಟ್ಟಿನ ಹತ್ತಿರ ಗುಡ್ಡಗಳ ನಡುವೆ ಒಂದು ಗಳಿಗೆ ನೀರು ಹೊಳೆಯಿತು. ಆಮೇಲೆ ಹೊಸದುರ್ಗದವರೆಗೂ ತೆಂಗಿನ ತೋಟ, ಕೆಂಪು ಧೂಳು, ಕಿಟಕಿಯಿಂದ ಬಿಸಿಗಾಳಿ.

ಹೊಸದುರ್ಗದಲ್ಲಿ ಬಸ್ ಬದಲಿಸಬೇಕಿತ್ತು. ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಸಹನಾ ಕ್ಯೂಬಾದ ಕಥೆ ಹೇಳಿದಳು. ದೊಡ್ಡ ನೆರೆಯವನು ಬಾಗಿಲು ಹಾಕಿಕೊಂಡ. ಮುಂದೆ ಡೀಸೆಲ್ ಎಣ್ಣೆ ಕೊಡುತ್ತಿದ್ದ ದೂರದ ಗೆಳೆಯ ದೇಶವೂ ಒಡೆದುಹೋಯಿತು. ಆಗ ಅಲ್ಲಿಯ ರೈತರು ಟ್ರಾಕ್ಟರ್ ನಿಲ್ಲಿಸಿ ಮತ್ತೆ ಎತ್ತು ಕಟ್ಟಿದರಂತೆ. "ಈ ಅಜ್ಜಿನೂ ಹಂಗೇ ತಾತ. ಗಿರಣಿ ಬಿಟ್ಟು ಬೀಸೋ ಕಲ್ಲು ಹಿಡಿದ್ರಂತೆ" ಎಂದಳು.

ಯಾವೂರಿನವರು ಎಂದು ಕೇಳಿದೆ.

"ನಿನ್ನ ಹಳೇ ಊರಿನವ್ರೇ. ಅದಕ್ಕೇ ನಿನ್ನ ಕರ್ಕಂಡು ಬಂದಿದ್ದು. ಊರಿನೋರು ಅಂದ್ರೆ ಬಾಯಿ ಬಿಚ್ಚಿ ಮಾತಾಡ್ತಾರೆ."

ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು. ಸಹನಾಳಿಗೆ ನಾನು ಹಿರಿಯೂರಿನ ಸೈಕಲ್ ರಿಪೇರಿಯ ತಾತ. ಅವಳು ಹುಟ್ಟುವ ಎಷ್ಟೋ ವರ್ಷ ಮೊದಲು ನಾನು ಆ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದೆ. ಗಿರಣಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ.

ಆದದ್ದು ಇಷ್ಟು. ಕೆರೆಯಂಗಳವನ್ನು ಊರಿನ ದೊಡ್ಡ ಮನುಷ್ಯರು ಒತ್ತುವರಿ ಮಾಡಿ ಉಳುತ್ತಿದ್ದರು. ಈ ಅಜ್ಜಿಯ ಗಂಡ ಕೋರ್ಟಿನಲ್ಲಿ ಇದ್ದದ್ದು ಇದ್ದಂತೆ ಸಾಕ್ಷಿ ಹೇಳಿದ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿ, ಆ ಮನೆಗೆ ಬೆಂಕಿಕಡ್ಡಿಯನ್ನೂ ಕೊಡಕೂಡದು, ಕೊಟ್ಟವರಿಗೆ ದಂಡ ಎಂದರು. ಮಾರನೆಯ ದಿನ ಆಕೆ ರಾಗಿ ಡಬ್ಬ ಹೊತ್ತು ಗಿರಣಿಗೆ ಬಂದಳು. ಬೀಸುವುದಿಲ್ಲ ಎಂದು ಮುಖಕ್ಕೆ ಹೇಳುವ ಧೈರ್ಯ ನನಗಿರಲಿಲ್ಲ. ಬೀದಿಯ ತಿರುವಿನಲ್ಲಿ ಆಕೆ ಕಂಡ ಕೂಡಲೇ ಮೇನ್ ಸ್ವಿಚ್ ಎಳೆದೆ. "ಕರೆಂಟಿಲ್ಲ ಕಣಕ್ಕ" ಎಂದೆ. ಸಾಲಿನಲ್ಲಿ ಡಬ್ಬ ಇಟ್ಟು ಕೂತಿದ್ದ ಹೆಂಗಸರು ಯಾರೂ ಉಸಿರೆತ್ತಲಿಲ್ಲ. ಆಕೆ ಮರೆಯಾದ ಮೇಲೆ ಸ್ವಿಚ್ ಹಾಕಿದೆ. ಒಂದೇ ವಾರದಲ್ಲಿ ನಾಲ್ಕು ಸಲ ಹೀಗಾಯಿತು. ಐದನೆಯ ಸಲ ಆಕೆ ಬರಲಿಲ್ಲ. ಆಕೆಯ ಮನೆಯಿಂದ ಬೆಳಗಿನ ಜಾವ ಬೀಸುವ ಕಲ್ಲಿನ ಸದ್ದು ಕೇಳತೊಡಗಿತು. ವರ್ಷ ತುಂಬುವ ಮೊದಲೇ ಅವರು ಊರು ಬಿಟ್ಟರು. ಸುಳ್ಳು ಹೇಳಿ ಆಕೆಯ ಮರ್ಯಾದೆ ಉಳಿಸಿದೆನೆಂದೇ ಬಹಳ ಕಾಲ ನಂಬಿಕೊಂಡಿದ್ದೆ.

ಹಿರಿಯೂರಿಗೆ ವಾಪಸು ಹೋಗುವ ಬಸ್ಸು ಅಲ್ಲೇ ನಿಂತಿತ್ತು. ಹತ್ತಬಹುದಿತ್ತು. ಆದರೆ ನನ್ನ ಗುರುತು ಆಕೆಗೆ ಸಿಗಲಾರದು ಎನ್ನಿಸಿತು. ತಲೆಗೂದಲು ಹೋಗಿದೆ, ಹಲ್ಲೂ ಹೋಗಿದೆ. ಹೊಳಲ್ಕೆರೆಯ ಬಸ್ ಹತ್ತಿದೆ. ಹೊಳಲ್ಕೆರೆಯಲ್ಲಿ ಮತ್ತೊಂದು ಬಸ್ಸು. ಚಿಕ್ಕಜಾಜೂರಿನಲ್ಲಿ ಇಳಿದಾಗ ಹನ್ನೆರಡು ದಾಟಿತ್ತು, ಟಾರು ಚಪ್ಪಲಿಗೆ ಅಂಟುತ್ತಿತ್ತು.

ಆಕೆಯ ಅಳಿಯ ರೈಲ್ವೆಯಲ್ಲಿದ್ದ. ಸ್ಟೇಷನ್ನಿನ ಹಿಂದಿನ ಸಣ್ಣ ಮನೆಯ ಜಗುಲಿಯಲ್ಲಿ ಆಕೆ ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮ ತಾತನೂ ನಿಮ್ಮೂರಿನವರೇ ಎಂದು ಸಹನಾ ಉತ್ಸಾಹದಿಂದ ಹೇಳಿದಳು. ಆಕೆ ನನ್ನನ್ನು ನೋಡಿ ಯಾರ ಪೈಕಿ ಎಂದು ಕೇಳಿದಳು. ಕೆಳಗಿನ ಬೀದಿಯವರು ಎಂದಷ್ಟೇ ಅಂದೆ. "ಕುಂತ್ಕಳ್ರಿ ಯಜಮಾನ್ರೇ" ಎಂದು ಚಾಪೆ ತಳ್ಳಿ, ಮತ್ತೇನೂ ಕೇಳಲಿಲ್ಲ.

ಮೊದಲು ಊಟ ಎಂದಳು. ಮುದ್ದೆ, ಸೊಪ್ಪಿನ ಸಾರು. ಆಕೆಯ ರಾಗಿಯನ್ನು ಬೀಸಿಕೊಡದೆ ಕಳಿಸಿದ ನಾನು ಆಕೆಯ ಮನೆಯ ಮುದ್ದೆ ನುಂಗಿದೆ. ಎರಡನೆಯದನ್ನೂ ಆಕೆಯೇ ಇಟ್ಟಳು.

ಸಹನಾ ಫೋನು ರೆಕಾರ್ಡಿಗೆ ಹಾಕಿ, ಊರಲ್ಲಿ ಗಿರಣಿ ಇರಲಿಲ್ಲವೇ ಎಂದು ಕೇಳಿದಳು.

"ಇತ್ತವ್ವ. ನಾನು ಹೋದಾಗೆಲ್ಲ ಕರೆಂಟ್ ಹೋಗ್ತಿತ್ತು."

"ಪ್ರತಿ ಸಲಾನಾ?"

"ಪ್ರತಿ ಸಲಾನೂ. ಅಂಥಾ ನಿಯತ್ತಿನ ಕರೆಂಟು ಆಮೇಲೆ ಎಲ್ಲೂ ನೋಡ್ಲಿಲ್ಲ."

ಸಹನಾ ನಕ್ಕಳು. ನಾನೂ ನಕ್ಕೆ. ಆ ನಗು ಈಗಲೂ ನನ್ನ ಬಾಯಿಯಲ್ಲಿ ಕಹಿಯಾಗಿ ಕೂತಿದೆ. ಗಿರಣಿಯವರ ಹೆಸರೇನು, ಬರೆದುಕೊಳ್ಳಲು ಇಲ್ಲೊಂದು ಜಾಗ ಇದೆ ಎಂದು ಅವಳು ಕೇಳಿದಾಗ ಆಕೆ ಅವರೆಕಾಯಿಯಿಂದ ತಲೆಯೆತ್ತಲಿಲ್ಲ.

"ಖಾಲಿ ಬಿಡವ್ವ. ಅವ್ನಿಗೂ ಮೊಮ್ಮಕ್ಕಳಿರ್ತವೆ."

ಆಗಲಾದರೂ ಬಾಯಿ ತೆರೆಯಬೇಕಿತ್ತು. ನಾನು ಚಾಪೆಯ ಅಂಚು ಕೀಳುತ್ತ ಕೂತೆ. ಬೀಸುವ ಕಲ್ಲು ಹಿತ್ತಲಿನಲ್ಲಿ ಗೋಡೆಗೆ ಒರಗಿತ್ತು. ಫೋಟೋ ತೆಗೆಯಲು ಬೆಳಕಿಗೆ ಎಳೆ ತಾತ ಎಂದಳು ಸಹನಾ. ಎರಡೂ ಕೈ ಹಾಕಿದೆ, ಅದು ಅಲ್ಲಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಕೆ, ಬಿಡಿ, ಅದಕ್ಕೆ ರೂಢಿ ಬೇಕು ಎಂದಳು. ಆಕೆಯ ಬಲಗೈ ಮಣಿಕಟ್ಟು ಒಂದು ಕಡೆಗೆ ಸೊಟ್ಟಗಿರುವುದನ್ನು ಆಗ ನೋಡಿದೆ.

ಮಧ್ಯಾಹ್ನದ ರೈಲಿಗೆ ಹೊರಟಾಗ ಆಕೆ ಗೇಟಿನವರೆಗೆ ಬಂದಳು. ಸಹನಾ ನಾಲ್ಕು ಹೆಜ್ಜೆ ಮುಂದಿದ್ದಳು. ಆಕೆ ಮೆಲ್ಲಗೆ ಕೇಳಿದಳು.

"ನಿಮ್ಮ ಕಡೆ ಈಗ ಕರೆಂಟ್ ಚೆನ್ನಾಗಿ ಇರ್ತೈತಾ?"

"ಇರ್ತೈತೆ" ಎಂದೆ. ಅಷ್ಟೇ ಅಂದು ಹೊರಟುಬಿಟ್ಟೆ.

ಚಿತ್ರದುರ್ಗದವರೆಗೆ ರೈಲಿನಲ್ಲಿ ಸಹನಾ ಬರೆದದ್ದನ್ನು ಓದಿ ಹೇಳುತ್ತಿದ್ದಳು. ಯಾಕೆ ಸುಮ್ಮನಾದೆ ಎಂದು ಎರಡು ಸಲ ಕೇಳಿದಳು. ಬಿಸಿಲು ಎಂದೆ. ಅವಳು ಹಾಸ್ಟೆಲಿಗೆ ಹೋದಳು, ನಾನು ಹಿರಿಯೂರಿನ ಬಸ್ ಹಿಡಿದೆ.

ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ಅದರ ಒಂದು ಪ್ರತಿ ನಮ್ಮ ಮನೆಯ ಟಿವಿ ಮೇಲಿದೆ. ಕೊನೆಯ ಪುಟಗಳಲ್ಲಿ ಒಂದು ಸಾಲು: ಗಿರಣಿ ನಡೆಸುತ್ತಿದ್ದವರ ಹೆಸರು ತಿಳಿದುಬಂದಿಲ್ಲ. ಸಹನಾ, ಇದನ್ನು ನೀನು ಓದುತ್ತೀಯೆಂದು ಗೊತ್ತು. ಅಲ್ಲಿ ನಿನ್ನ ತಾತ ತಿಮ್ಮಪ್ಪನ ಹೆಸರು ಬರೆ. ಗಿರಣಿಯವನ ಹೆಸರಿನ ಹಾಗೆ ಆ ಅಜ್ಜಿಯ ಹೆಸರನ್ನೂ ನೀನು ಅದರಲ್ಲಿ ಹಾಕಲಿಲ್ಲ. ನಾಲ್ಕು ಸಲ ನಾನು ಕತ್ತಲು ಮಾಡಿ ಕಳಿಸಿದ, ಗೇಟಿನ ತನಕ ಬಂದು ನನಗೊಂದು ಅವಕಾಶ ಕೊಟ್ಟ ಆ ಹೆಣ್ಣುಮಗಳು ಹನುಮಕ್ಕ.