ಬಿಸಿ ಬಲ್ಬಿಗೆ ಇಪ್ಪತ್ತು ನಿಮಿಷ

ಪ್ರೊಜೆಕ್ಟರ್ ಬೇಕೆಂದು ಫೋನ್ ಮಾಡಿದವರು ಮೊದಲು ಬಾಡಿಗೆ ಎಷ್ಟು ಎಂದು ಕೇಳುತ್ತಿದ್ದರು. ನಾನು ಮೊದಲು ಕೇಳುತ್ತಿದ್ದದ್ದು ಕಾರ್ಯಕ್ರಮದ ಹಾಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು. ಬಾಡಿಗೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಜನ ಬಂದು ಕೂರುವ ಮೊದಲು ಖಾಲಿ ಹಾಲಿನಲ್ಲಿ ನನಗೆ ಸಿಗಬೇಕಾದ ಒಂದು ಗಂಟೆಯಲ್ಲಿ ಮಾತ್ರ ಐದು ನಿಮಿಷವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಈ ಕೆಲಸಕ್ಕೆ ಇಳಿಯುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಅವಸರದಲ್ಲಿ ಜೋಡಿಸಿದರೆ ಅದು ನಿಮ್ಮ ಮಾನ ಕಳೆಯುತ್ತದೆ.

ಗಂಡನಿಗೆ ಬ್ಯಾಂಕಿನಲ್ಲಿ ಕೊಚ್ಚಿಗೆ ವರ್ಗವಾದಾಗ ನಾವು ಉಡುಪಿಯ ಕಡೆಯಿಂದ ಅಲ್ಲಿಯ ಪಾಲಾರಿವಟ್ಟಂಗೆ ಬಂದೆವು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಯಲ್ಲಿ ಕೂತು ಬೇಸರ ಬಂದು ಒಂದು ಹಳೆಯ ಓಎಚ್‌ಪಿ ಕೊಂಡೆ. ಬರೆದ ಪ್ಲಾಸ್ಟಿಕ್ ಹಾಳೆಯನ್ನು ಗಾಜಿನ ಮೇಲೆ ಇಟ್ಟರೆ ಗೋಡೆಯ ಮೇಲೆ ದೊಡ್ಡದಾಗಿ ಕಾಣುವ ಯಂತ್ರ ಅದು. ಸುತ್ತಮುತ್ತಲಿನ ಆಫೀಸುಗಳ ತರಬೇತಿ ತರಗತಿಗಳಿಗೆ ಅದನ್ನು ಬಾಡಿಗೆಗೆ ಕೊಡುತ್ತ ಒಂದು ಎರಡಾಯಿತು, ಎರಡು ನಾಲ್ಕಾಯಿತು. ಯಾರೂ ಕಲಿಸಿದ್ದಲ್ಲ. ಬಿಚ್ಚಿ ನೋಡುವುದು, ಕೆಟ್ಟರೆ ಕೇಳುವುದು, ಮತ್ತೆ ಜೋಡಿಸುವುದು. ದಶಕ ಮುಗಿಯುತ್ತ ಬಂದಾಗ ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಪ್ರೊಜೆಕ್ಟರ್ ಒಂದು ಪಾಲಾರಿವಟ್ಟಂ ಜಂಕ್ಷನ್ನಿನ ಅಂಗಡಿಗೆ ಬಂತು. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಪೀಸು. ತೋರಿಸಿ ತೋರಿಸಿ ಒಂದು ಮೂಲೆ ಗೀಚಿಹೋಗಿತ್ತು. ಆ ಗೀಚನ್ನೇ ಹಿಡಿದುಕೊಂಡು ಒಂದು ಮಧ್ಯಾಹ್ನವಿಡೀ ಅಂಗಡಿಯಲ್ಲಿ ಕೂತೆ.

ಬೆಲೆ ಇಳಿಸಿದ್ದಾಯಿತು. ಸುತ್ತಿಡುವ ಪರದೆ ಸುಮ್ಮನೆ ಬಂತು, ಉದ್ದದ ಕೇಬಲ್ ಬಂತು, ಹೆಗಲಿಗೆ ಹಾಕುವ ಬ್ಯಾಗೂ ಬಂತು.

"ಇನ್ನೊಂದು ಬಲ್ಬು ಸೇರಿಸಿ ಕೊಡಿ, ಈಗಲೇ ತಗೊಂಡು ಹೋಗ್ತೇನೆ" ಎಂದೆ.

ಅಂಗಡಿಯವನು ಅಕ್ಕನನ್ನು ಬೇಡುವವನ ಹಾಗೆ ಎರಡೂ ಕೈ ಮುಗಿದ. "ಚೇಚ್ಚೀ, ಬೇಕಾದ್ರೆ ಈ ಕುರ್ಚಿ ತಗೊಂಡು ಹೋಗಿ, ಫ್ಯಾನ್ ತಗೊಂಡು ಹೋಗಿ. ಬಲ್ಬು ಮಾತ್ರ ಕೇಳಬೇಡಿ."

ನಾನು ಪ್ರೊಜೆಕ್ಟರ್, ಪರದೆ, ಬ್ಯಾಗು, ಕೇಬಲ್ ಹೊತ್ತು ಗೆದ್ದವಳ ಹಾಗೆ ಮನೆಗೆ ಬಂದೆ. ಗಂಡ ಎಲ್ಲವನ್ನೂ ಒಂದೊಂದಾಗಿ ನೋಡಿ, "ಬಲ್ಬೊಂದು ಬಿಟ್ಟು ಅಂಗಡಿಯನ್ನೇ ತಂದಿದ್ದೀಯಲ್ಲ ಮಾರಾಯ್ತಿ!" ಎಂದರು. ಆಗ ನಗು ಬಂತು. ಚೌಕಾಸಿ ಮಾಡುವವರು ಸುಮ್ಮನೆ ಸಿಕ್ಕಿದ್ದನ್ನೆಲ್ಲ ಎಣಿಸುತ್ತಾರೆ, ಅಂಗಡಿಯವನು ಯಾವುದನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ಗಮನಿಸುವುದಿಲ್ಲ. ಅವನು ಬಿಡದೇ ಇದ್ದದ್ದು ಯಾವುದೋ ಅದೇ ಆ ಯಂತ್ರದ ಜೀವ.

ಅದು ಗೊತ್ತಾಗಲು ತಿಂಗಳೂ ಬೇಕಾಗಲಿಲ್ಲ. ಕಳಮಶ್ಶೇರಿಯ ಒಂದು ಕಾಲೇಜಿನಲ್ಲಿ ಉಪನ್ಯಾಸ ಮುಗಿಯುತ್ತಿದ್ದಂತೆ ಮುಂದಿನ ತರಗತಿಯ ಹುಡುಗರು ಬಾಗಿಲಿಗೆ ಬಂದು ನಿಂತಿದ್ದರು. ಗಡಿಬಿಡಿಯಲ್ಲಿ ಪ್ಲಗ್ ಎಳೆದು, ಬಿಸಿಯಾಗಿದ್ದ ಪ್ರೊಜೆಕ್ಟರನ್ನು ಬ್ಯಾಗಿಗೆ ತುರುಕಿ ಹೊರಟೆ. ಮರುದಿನ ಬಲ್ಬು ಹೊತ್ತಲಿಲ್ಲ. ಅಂಗಡಿಯವನು ಬಿಚ್ಚಿ ನೋಡಿ ತಲೆ ಚಚ್ಚಿಕೊಂಡ. ಉರಿಯುವಾಗ ಒಳಗಿನ ಬಲ್ಬು ಕಾದ ಕಾವಲಿಗಿಂತ ಬಿಸಿ, ಎಂದ. ದೀಪ ಆರಿಸಿದ ಮೇಲೂ ಒಳಗಿನ ಫ್ಯಾನ್ ತಿರುಗುತ್ತಲೇ ಇರಬೇಕು, ಅದು ತಾನಾಗಿ ನಿಂತ ಮೇಲೆಯೇ ಕರೆಂಟು ತೆಗೆಯಬೇಕು. ನಡುವೆ ಕರೆಂಟು ಹೋದರೆ ಬಲ್ಬು ಪೂರ್ತಿ ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ. ಹೊತ್ತಲಿಲ್ಲವೆಂದು ಮತ್ತೆ ಮತ್ತೆ ಒತ್ತಿದರೆ ಸತ್ತೇ ಹೋಗುತ್ತದೆ. ಇದನ್ನು ಅವನು ಮಾರುವ ದಿನ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೊಸ ಬಲ್ಬು ಮುಂಬಯಿಯಿಂದ ಬರುವವರೆಗೆ ಯಂತ್ರ ಕಪಾಟಿನಲ್ಲಿ ಸೀರೆಗಳ ಜೊತೆ ಕೂತಿತ್ತು. ಆಗಲೂ ಎರಡು ತರಿಸುವ ಮನಸ್ಸು ನನಗೆ ಬರಲಿಲ್ಲ. ಇನ್ನು ಹುಷಾರಾಗಿ ಇರುತ್ತೇನಲ್ಲ, ಎರಡನೆಯದು ಯಾಕೆ ಎಂದುಕೊಂಡೆ.

ಆ ಸಮಯದಲ್ಲೇ ತಿರುವನಂತಪುರದಿಂದ ಒಬ್ಬ ವಿಜ್ಞಾನಿಯ ಫೋನ್ ಬಂತು. ಮೈಸೂರಿನವರು, ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿದ್ದರು. ಕನ್ನಡದವರು ಸೇರುವ ಹಬ್ಬದ ಊಟಗಳಲ್ಲಿ ಪರಿಚಯ. ಸಮುದ್ರದ ಮೇಲೆ ಮೋಡ ಹೇಗೆ ಹುಟ್ಟಿ ಎತ್ತ ಸರಿಯುತ್ತದೆ ಎಂಬುದು ಅವರ ಕೆಲಸ. ಅದನ್ನು ಮುಂದುವರಿಸಲು ದೆಹಲಿಯಿಂದ ಬರುವ ಸಮಿತಿ ಒಪ್ಪಬೇಕಿತ್ತು. ಎರಡು ಸಲ ಸಮಿತಿ "ಇದರಿಂದ ಏನೂ ಸ್ಪಷ್ಟವಾಗುತ್ತಿಲ್ಲ" ಎಂದು ಮುಂದಕ್ಕೆ ಹಾಕಿತ್ತು. ಈ ಸಲವೂ ಹಾಗಾದರೆ ಅವರ ಗುಂಪನ್ನೇ ಒಡೆದು, ಇದ್ದ ಮೂವರನ್ನು ಬೇರೆ ಬೇರೆ ವಿಭಾಗಕ್ಕೆ ಹಾಕುವುದಿತ್ತು.

"ನಿಮ್ಮ ಓಎಚ್‌ಪಿ ಒಂದು ಕಳಿಸಿಕೊಡ್ರಿ, ಇಲ್ಲಿಯದು ಮಂಕಾಗಿದೆ" ಎಂದರು.

"ಸಾರ್, ಸರಿಯುವ ಮೋಡವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ತೋರಿಸಿದ್ರೆ ಯಾರಿಗೆ ಎಂತ ಗೊತ್ತಾಗ್ತದೆ? ಮೋಡ ನಿಂತೇ ಇರ್ತದಲ್ಲ. ಕಂಪ್ಯೂಟರಿನಲ್ಲಿ ನೀವು ನೋಡುವಾಗ ಅದು ಓಡ್ತದಾ ಇಲ್ವಾ?"

"ಓಡತ್ತೆ."

"ಹಾಗಾದ್ರೆ ಓಡುವುದನ್ನೇ ತೋರಿಸಿ. ಪ್ರೊಜೆಕ್ಟರ್ ನಾನು ತರ್ತೇನೆ."

"ಅಲ್ಲಾರೀ, ಅದು ಕೈ ಕೊಟ್ರೆ? ನಂದು ಮೂರನೇ ಸಲ ಇದು."

"ಕೈ ಕೊಟ್ರೆ ಇನ್ನು ಆ ಪೆಟ್ಟಿಗೆ ಹಿಡ್ಕೊಂಡು ನಿಮ್ಮೂರಿಗೆ ಕಾಲಿಡುವುದಿಲ್ಲ" ಎಂದೆ. ಹೇಳಿದ ಮೇಲೆ ಫೋನಿಟ್ಟು ಒಂದು ಲೋಟ ನೀರು ಕುಡಿದೆ.

ಸಭೆಯ ಹಿಂದಿನ ದಿನವೇ ಹಾಲಿನ ಬೀಗದ ಕೈ, ಒಂದು ಏಣಿ, ಏಸಿಯ ಜೊತೆ ಸೇರದ ಒಂದು ಬೇರೆ ಪ್ಲಗ್ ಪಾಯಿಂಟ್. ಇಷ್ಟು ನನ್ನ ಬೇಡಿಕೆ. ಇದಕ್ಕಾಗಿ ಆ ಸಂಸ್ಥೆಯ ಮೂವರು ಅಧಿಕಾರಿಗಳ ಜೊತೆ ಫೋನಿನಲ್ಲಿ ಹಟ ಹಿಡಿದೆ. ಕೊನೆಯವರು, "ಮೇಡಂ, ನೀವು ಸಿನಿಮಾ ತೋರಿಸ್ತೀರೋ, ರಾಕೆಟ್ ಬಿಡ್ತೀರೋ?" ಎಂದು ಕೇಳಿದರು. "ಏಣಿ ಕೊಡಿ, ಯಾವುದು ಬೇಕಾದ್ರೂ ಮಾಡ್ತೇನೆ" ಎಂದೆ. ಕೊಟ್ಟರು.

ಬೆಳಗಿನ ರೈಲಿನಲ್ಲಿ ಪ್ರೊಜೆಕ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮೇಲಿನ ಹಲಗೆಯಲ್ಲಿಟ್ಟರೆ ಅಲುಗಾಟಕ್ಕೆ ಬಲ್ಬಿನ ತಂತಿ ಸಡಿಲವಾಗುತ್ತದೆ. ಕರೆಂಟಿನ ಏರಿಳಿತ ತಡೆಯುವ ಸ್ಟೆಬಿಲೈಸರ್ ಕಾಲಿನ ಹತ್ತಿರ ಇತ್ತು. ತಿರುವನಂತಪುರದಲ್ಲಿ ಇಳಿದವಳೇ ಚಾಲೈ ಬಜಾರಿಗೆ ಹೋದೆ. ಆ ಹಾಲಿನ ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಗಾಜಿನ ವೆಂಟಿಲೇಟರುಗಳಿವೆ, ಅವಕ್ಕೆ ಪರದೆ ಇಲ್ಲ ಎಂದು ವಿಜ್ಞಾನಿಗಳು ಹೇಳಿದ್ದರು. ಆಗಿನ ಪ್ರೊಜೆಕ್ಟರುಗಳ ಬೆಳಕು ಬಡಪಾಯಿ. ಹೊರಗಿನ ಬಿಸಿಲಿಗೆ ಚಿತ್ರ ಕರಗಿಹೋಗುತ್ತಿತ್ತು. ಕತ್ತಲೆ ಮಾಡಲು ಕಪ್ಪು ಕೊಡೆಯ ಬಟ್ಟೆಗಿಂತ ಅಗ್ಗದ್ದು, ಗಟ್ಟಿಯಾದದ್ದು ಇನ್ನೊಂದಿಲ್ಲ. ನಾನು ಕೇಳಿದ ಅಳತೆಗೆ ಅಂಗಡಿಯ ಮುದುಕ ಕನ್ನಡಕ ತೆಗೆದು ನನ್ನನ್ನು ನೋಡಿದ.

"ಇಷ್ಟು ದೊಡ್ಡ ಕೊಡೆ ಯಾರಿಗೆ, ಆನೆಗಾ?" ಎಂದು ಮಲಯಾಳದಲ್ಲಿ ಕೇಳಿದ.

"ಜಾತ್ರೆಯ ಆನೆಗೆ ರೇಷ್ಮೆ ಕೊಡೆ ಉಂಟಲ್ಲ ಚೇಟ್ಟಾ. ಇದು ಸೂರ್ಯನಿಗೆ" ಎಂದೆ. ನಕ್ಕು ಅರ್ಧ ಮೀಟರ್ ಹೆಚ್ಚೇ ಹರಿದುಕೊಟ್ಟ. ನಗಿಸಿದ ಮೇಲೆ ಅಳೆಯಲು ಹೇಳಬೇಕು, ಅಳೆದ ಮೇಲೆ ನಗಿಸಿ ಪ್ರಯೋಜನವಿಲ್ಲ.

ಸಂಜೆ ಹಾಲು ತೆರೆದುಕೊಟ್ಟವರು ಅಲ್ಲಿಯ ಅಟೆಂಡರ್. ನಿವೃತ್ತಿಗೆ ಹತ್ತಿರವಾದ, ಮಾತು ಕಡಿಮೆಯ ಮನುಷ್ಯ. ಏಣಿ ಅಲುಗದ ಹಾಗೆ ಹಿಡಿದುಕೊಂಡರು, ನಾನು ಹತ್ತಿ ಬಟ್ಟೆ ಕಟ್ಟಿದೆ. ಬಾಗಿಲ ಪಕ್ಕದ ಸ್ವಿಚ್ ಬೋರ್ಡನ್ನು ಅವರು ದೇವರ ಪಟದ ಹಾಗೆ ಒರೆಸಿ ಇಟ್ಟಿದ್ದರು. ಜನ ಎದ್ದು ಹೋದ ಕೂಡಲೇ ಎಲ್ಲ ಸ್ವಿಚ್ಚುಗಳನ್ನೂ ಆರಿಸತಕ್ಕದ್ದು ಎಂಬ ಕಚೇರಿಯ ಆದೇಶ ಅದರ ಮೇಲೆ ಅಂಟಿತ್ತು. ಅದನ್ನು ನಾನು ಓದಿದೆ. ಓದಿ, ಒಳ್ಳೆಯ ಅಭ್ಯಾಸ ಎಂದೂ ಅಂದುಕೊಂಡೆ. ನಾನೂ ಮನೆಯಲ್ಲಿ ಹಾಗೇ.

ಜೋಡಿಸುವುದಕ್ಕೆ ಒಂದು ಕ್ರಮ ಉಂಟು. ಮೊದಲು ಕೇಬಲ್ ಸಿಕ್ಕಿಸಬೇಕು, ಆಮೇಲೆ ಪ್ರೊಜೆಕ್ಟರ್ ಹೊತ್ತಿಸಬೇಕು, ಎಲ್ಲಕ್ಕಿಂತ ಕೊನೆಗೆ ಲ್ಯಾಪ್‌ಟಾಪ್. ಹಿಂದುಮುಂದಾದರೆ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರಿನ ಗುರುತೇ ಸಿಗುವುದಿಲ್ಲ. ವಿಜ್ಞಾನಿಗಳ ಲ್ಯಾಪ್‌ಟಾಪಿನ ಚಿತ್ರ ನನ್ನ ಯಂತ್ರಕ್ಕೆ ದೊಡ್ಡದಾಗಿ, ಅಂಚಿನ ಮೋಡಗಳೆಲ್ಲ ಕತ್ತರಿಸಿಹೋದವು. ಸೆಟ್ಟಿಂಗ್ ಇಳಿಸಿ ಸರಿ ಮಾಡಿದೆ. ಪ್ರೊಜೆಕ್ಟರಿನ ಮುಂದಿನ ಕಾಲಿಗೆ ಎರಡು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿದೆ. ಅರಬ್ಬಿ ಸಮುದ್ರ ಪರದೆ ತುಂಬ ಬಂತು. ಬಿಳಿ ಮೋಡಗಳು ದಡದ ಕಡೆಗೆ ಸರಿಯತೊಡಗಿದವು. ವಿಜ್ಞಾನಿಗಳು ಕೈ ಕಟ್ಟಿ ನಿಂತು ನೋಡಿದರು.

ಮರುದಿನ ಸಮಿತಿ ಹತ್ತಕ್ಕೆ ಕೂತಿತು. ನಮ್ಮದೇ ಮೊದಲ ವಿಷಯ. ಮೊದಲರ್ಧ ಹಿನ್ನೆಲೆ, ಲೆಕ್ಕಾಚಾರ. ಓಡುವ ಮೋಡ ಚಹಾದ ನಂತರ. ಚಹಾಕ್ಕೆ ಎದ್ದಾಗ ನಾನು ಪ್ರೊಜೆಕ್ಟರ್ ಆರಿಸಲಿಲ್ಲ, ಹತ್ತು ನಿಮಿಷಕ್ಕೆ ಉರಿಯುತ್ತಲೇ ಇರಲಿ ಎಂದು ಬಿಟ್ಟೆ. ವರಾಂಡದಲ್ಲಿ ಲೋಟ ಹಿಡಿದು ನಿಂತಿದ್ದೆ. ಒಳಗೆ ಬಂದರೆ ಹಾಲು ಕತ್ತಲು. ಫ್ಯಾನಿನ ಸದ್ದೇ ಇಲ್ಲ. ಪ್ರೊಜೆಕ್ಟರಿನ ಮೈ ಮುಟ್ಟಿದೆ, ಕೈ ಸುಟ್ಟಿತು.

ಅಟೆಂಡರ್ ಬಾಗಿಲ ಪಕ್ಕ ನಿಂತಿದ್ದರು. ನನ್ನ ಮುಖ ನೋಡಿ ಅವರಿಗೇ ಏನೋ ತಪ್ಪಾಗಿದೆ ಎನಿಸಿರಬೇಕು. ಎಲ್ಲರೂ ಎದ್ದರಲ್ಲ, ನಾನೇ ಆರಿಸಿದೆ, ಎಂದಿನ ಹಾಗೆ, ಎಂದು ಮಲಯಾಳದಲ್ಲಿ ಹೇಳಿದರು. ವಿಜ್ಞಾನಿಗಳು ಅವರ ಮೇಲೆ ಹರಿಹಾಯಲು ಬಾಯಿ ತೆರೆದರು.

"ಅವರಿಗೆ ಎಂತಕ್ಕೆ ಬೈತೀರಿ ಸಾರ್? ಮೂರು ಜನ ಆಫೀಸರಿಗೆ ಹೇಳಿದೆ, ಸ್ವಿಚ್ಚಿನ ಮೇಲೆ ಕೈ ಇಡುವವರಿಗೆ ನಾನು ಹೇಳಲೇ ಇಲ್ಲ. ನನ್ನದೇ ತಪ್ಪು."

"ತಪ್ಪು ಯಾರದಾದ್ರೂ ಇರ್ಲಿ ಕಣ್ರೀ, ಒಂದ್ಸಲ ಒತ್ತಿ ನೋಡೋಣ" ಎಂದು ಅವರು ಬಟನ್ನಿಗೆ ಕೈ ಹಾಕಿದರು.

"ಕೈ ತೆಗೀರಿ!" ಎಂದೆ. ನನ್ನ ದನಿ ಸಮಿತಿಯ ಮೇಜಿನವರೆಗೂ ಹೋಯಿತು. "ಈಗ ಒತ್ತಿದ್ರೆ ಬಲ್ಬು ಸಾಯ್ತದೆ. ಇನ್ನೊಂದು ಇಲ್ಲ. ಇಪ್ಪತ್ತು ನಿಮಿಷ ಬಿಟ್ರೆ ಹೊತ್ತೀತು."

ಸಮಿತಿಯ ಅಧ್ಯಕ್ಷರು ಗಡಿಯಾರ ನೋಡಿದರು. ಐದು ನಿಮಿಷ ಕೊಡುತ್ತೇನೆ, ಆಗದಿದ್ದರೆ ಈ ವಿಷಯ ಮುಂದಿನ ಸಭೆಗೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮುಂದಿನ ಸಭೆಯ ಹೊತ್ತಿಗೆ ವಿಜ್ಞಾನಿಗಳ ಗುಂಪೇ ಇರುವುದಿಲ್ಲ.

ಹತ್ತಕ್ಕೆ ಕೇಳಿ ಎಂಟಕ್ಕೆ ಒಪ್ಪುವ ವ್ಯಾಪಾರ ಇದಲ್ಲ. ಬಲ್ಬಿನ ಜೊತೆ ಚೌಕಾಸಿ ನಡೆಯುವುದಿಲ್ಲ, ಅದಕ್ಕೆ ಬೇಕಾದ್ದು ಬೇಕೇ. ಹಾಗಾದರೆ ಆ ಇಪ್ಪತ್ತು ನಿಮಿಷ ಬೇರೆ ಯಾರ ಹತ್ತಿರವಾದರೂ ಇರಬೇಕು. ಸುತ್ತ ನೋಡಿದೆ. ಎರಡನೆಯ ಸಾಲಿನಲ್ಲಿ, ಇನ್ನೊಂದು ವಿಷಯ ಮಂಡಿಸಲು ಬಂದ ಒಬ್ಬರು ಹೆಂಗಸು ಪ್ಲಾಸ್ಟಿಕ್ ಹಾಳೆಗಳ ಕಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಊಟಕ್ಕೆ ಮೊದಲಿನ ಕೊನೆಯ ಸರದಿ ಅವರದು. ನೇರ ಅವರ ಹತ್ತಿರ ಹೋಗಿ ಬಗ್ಗಿದೆ.

"ಟೀಚರೇ, ನಿಮ್ಮದು ಎಷ್ಟು ಹೊತ್ತು?" ಕೇರಳದಲ್ಲಿ ವಿದ್ಯಾವಂತ ಹೆಂಗಸರನ್ನು ಹಾಗೆ ಕರೆದರೆ ಯಾರೂ ಮುಖ ತಿರುಗಿಸುವುದಿಲ್ಲ.

"ಅರ್ಧ ಗಂಟೆ. ಯಾಕೆ?"

"ನಿಮ್ಮ ಸರದಿ ಬರುವಾಗ ಇವರೆಲ್ಲರ ಹೊಟ್ಟೆ ಹಸಿದಿರ್ತದೆ. ಮೂರು ಹಾಳೆ ಆಗುವುದರೊಳಗೆ ಅನ್ನಕ್ಕೆ ಏಳ್ತಾರೆ. ಈಗ ಚಹಾ ಕುಡಿದು ಬಂದಿದ್ದಾರೆ, ಕಣ್ಣು ಬಿಟ್ಟು ಕೂತಿದ್ದಾರೆ. ಈಗಲೇ ಹೋಗಿ. ಇಲ್ಲಿಯ ಓಎಚ್‌ಪಿಯನ್ನು ನಾನು ಸರಿಯಾಗಿ ಇಟ್ಟು, ಫೋಕಸ್ ಮಾಡಿ ಕೊಡ್ತೇನೆ."

ಅವರು ಗಡಿಯಾರ ನೋಡಿದರು, ಸಮಿತಿಯ ಮುಖಗಳನ್ನು ನೋಡಿದರು. "ನಿಮಗೆ ಇದರಿಂದ ಏನು ಲಾಭ?"

"ನನ್ನ ಬಲ್ಬು ತಣಿಯುತ್ತದೆ" ಎಂದೆ. ಸುಳ್ಳು ಹೇಳಲಿಲ್ಲ. ಎದುರಿನವರಿಗೆ ಲಾಭ ಇದ್ದಾಗ ನಮ್ಮ ಲಾಭವನ್ನು ಮುಚ್ಚಿಡುವ ಅಗತ್ಯ ಬರುವುದಿಲ್ಲ.

ಅವರು ನಕ್ಕು ಎದ್ದರು. ಅವರೇ ಕೇಳಿದ ಮೇಲೆ ಅಧ್ಯಕ್ಷರು ಬೇಡ ಎನ್ನಲಿಲ್ಲ.

ಓಎಚ್‌ಪಿ ಸರಿಮಾಡಿ ಕೊಟ್ಟು ಬಂದು ಪ್ರೊಜೆಕ್ಟರಿನ ಪಕ್ಕ ಕೂತೆ. ಪ್ಲಗ್ ಕಿತ್ತು, ಒಂದು ಫೈಲಿನಿಂದ ಗಾಳಿ ಹಾಕತೊಡಗಿದೆ. ವಿಜ್ಞಾನಿಗಳು ಎರಡೆರಡು ನಿಮಿಷಕ್ಕೆ ಪಿಸುಗುಟ್ಟುತ್ತಿದ್ದರು. "ಈಗ?" "ಇಲ್ಲ." "ಈಗ್ಲಾದ್ರೂ?" "ನೀವು ಮೋಡಕ್ಕೆ ಹೀಗೇ ಅವಸರ ಮಾಡ್ತೀರಾ ಸಾರ್?" ಸ್ವಲ್ಪ ಹೊತ್ತಿಗೆ ಅಟೆಂಡರ್ ಬಂದು ನನ್ನ ಕೈಯಿಂದ ಫೈಲ್ ತೆಗೆದುಕೊಂಡು ತಾವೇ ಬೀಸತೊಡಗಿದರು. ಬೀಸುತ್ತಿದ್ದವರಿಗೆ ಕಾರಣ ಹೇಳಿದೆ, ನಿನ್ನೆಯೇ ಹೇಳಬೇಕಾಗಿದ್ದದ್ದನ್ನು. ಒಳಗಿನ ಬಿಸಿ, ಫ್ಯಾನ್, ತಾನಾಗಿ ನಿಲ್ಲುವುದು. ಪೂರ್ತಿ ಕೇಳಿ ತಲೆಯಾಡಿಸಿದರು.

ಆ ಹೆಂಗಸು ಮಾತು ಮುಗಿಸಿದಾಗ ಅರ್ಧ ಗಂಟೆ ಕಳೆದಿತ್ತು. ಮೈ ಮುಟ್ಟಿದೆ, ತಣ್ಣಗಿತ್ತು. ಪ್ಲಗ್ ಹಾಕಿ ಒಮ್ಮೆ ಮಾತ್ರ ಒತ್ತಿದೆ. ಫ್ಯಾನ್ ಗುಂಯ್‌ಗುಟ್ಟಿತು. ಪರದೆ ಕಪ್ಪಾಗಿಯೇ ಇತ್ತು. ವಿಜ್ಞಾನಿಗಳು ನನ್ನ ಕಡೆ ನೋಡುತ್ತಿದ್ದರು, ನಾನು ಅವರ ಕಡೆ ನೋಡಲಿಲ್ಲ. ಆಮೇಲೆ ಪರದೆಯ ಮೇಲೆ ಹಸಿರು ಮಿಶ್ರಿತ ಮಂದ ಬೆಳಕು ಬಂತು, ನಿಧಾನವಾಗಿ ಬಿಳಿಯಾಯಿತು, ಸಮುದ್ರ ಕಾಣಿಸಿತು.

ಮೋಡಗಳು ಸರಿದವು. ಎರಡು ಸಲ ಏನೂ ಸ್ಪಷ್ಟವಾಗುತ್ತಿಲ್ಲ ಎಂದಿದ್ದ ಅಧ್ಯಕ್ಷರೇ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಇನ್ನೊಮ್ಮೆ ಹಾಕಿ" ಎಂದರು. ಇನ್ನೊಮ್ಮೆ ಹಾಕಿದಾಗ ಎದ್ದು ಪರದೆಯ ಹತ್ತಿರ ಹೋಗಿ ಒಂದು ಮೋಡವನ್ನು ಬೆರಳಿನಿಂದ ಹಿಂಬಾಲಿಸಿದರು. ಊಟಕ್ಕೆ ಏಳುವ ಮೊದಲೇ ಕೆಲಸ ಮುಂದುವರಿಯಲಿ ಎಂದು ಬರೆಸಿದರು. ಗುಂಪು ಉಳಿಯಿತು.

ಎಲ್ಲರೂ ಊಟದ ಕಡೆಗೆ ಹೊರಟರು. ನಾನು ಪ್ರೊಜೆಕ್ಟರಿನ ದೀಪ ಆರಿಸಿದೆ, ಒಳಗಿನ ಫ್ಯಾನ್ ಇನ್ನೂ ತಿರುಗುತ್ತಿತ್ತು. ಸಂತೋಷದಲ್ಲಿದ್ದ ವಿಜ್ಞಾನಿಗಳು, "ಬನ್ನಿ ಬನ್ನಿ, ಊಟ ಆರ್ಹೋಗತ್ತೆ" ಎನ್ನುತ್ತ ಹೋಗುವ ದಾರಿಯಲ್ಲಿ ಬೋರ್ಡಿನ ಕಡೆಗೆ ಕೈ ಚಾಚಿದರು. ಅಟೆಂಡರ್ ಅಡ್ಡ ಬಂದು, ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿ ನಿಂತರು. ಸಾಹೇಬರೆಂದೂ ನೋಡಲಿಲ್ಲ.

ನಾವು ಮೂವರೂ ಕಾದು ನಿಂತೆವು. ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಆಗ ಅಟೆಂಡರ್ ನನ್ನ ಕಡೆ ತಿರುಗಿ, "ಇನಿ ಓಫ್ ಆಕ್ಕಟ್ಟೇ, ಮೇಡಂ?" ಎಂದರು.

"ಈಗ ಆರಿಸಿ ಚೇಟ್ಟಾ" ಎಂದೆ.